ಮನೆಮಂದಿಗೂ ಒಪ್ಪುವ ಸೆಕೆಂಡ್ಸ್ ಟರ್ಬೊ ಹ್ಯಾಚ್‌ಬ್ಯಾಕ್: ಹಿಂದಿನ ಸೀಟಿನಿಂದ ಶುರು ಮಾಡಿ

ತುಮಕೂರು ಕಡೆ ಟರ್ಬೊ (ಎಂಜಿನ್‌ಗೆ ಜಾಸ್ತಿ ಗಾಳಿ ತಳ್ಳಿ ಪಿಕಪ್ ಹೆಚ್ಚಿಸುವ ಭಾಗ) ಇರುವ ಹ್ಯಾಚ್‌ಬ್ಯಾಕ್ ಅನ್ನು ಸೆಕೆಂಡ್ಸ್‌ನಲ್ಲಿ ತಗೊಂಡು, ಒಂದು ವರ್ಷ ತುಂಬುವ ಮೊದಲೇ ಮಾರೋಕೆ ಹೊರಡುವವರು ಸಿಗುತ್ತಲೇ ಇರುತ್ತಾರೆ. ಯಾಕೆ ಅಂತ ಕೇಳಿದರೆ ಎರಡೇ ಉತ್ತರ. "ಗೇರ್‌ಬಾಕ್ಸ್ ಕೈ ಕೊಡ್ತು" ಅನ್ನುವುದು ಒಂದು. "ಅಮ್ಮನಿಗೆ ಹಿಂದೆ ಕೂರೋಕೇ ಆಗಲ್ಲ" ಅನ್ನುವುದು ಇನ್ನೊಂದು.

ಎರಡನ್ನೂ ತಗೊಳ್ಳುವ ಮೊದಲೇ ಕಂಡುಹಿಡಿಯಬಹುದಿತ್ತು. ಜನ ಎಡವುತ್ತಿರುವುದು ಕ್ರಮದಲ್ಲಿ. ಹೋಗುತ್ತಾರೆ, ಕೀ ಇಸ್ಕೊಳ್ಳುತ್ತಾರೆ, ಹೈವೇಗೆ ಹಾಕಿ ಒಂದ್ಸಲ ಜೋರಾಗಿ ಒತ್ತುತ್ತಾರೆ. ಟರ್ಬೊ ಎಳೆಯುತ್ತಿದ್ದ ಹಾಗೇ ಮನಸ್ಸು ಒಪ್ಪಿಬಿಡುತ್ತದೆ. ಆಮೇಲೆ ನೋಡುವ ಸೀಟು, ಟೈರು, ಕಾಗದ ಎಲ್ಲ ಬರೀ ಶಾಸ್ತ್ರಕ್ಕೆ.

ಅದಕ್ಕೇ ಇಲ್ಲಿ ಓಡಿಸುವ ಕೆಲಸವನ್ನು ಹೆಚ್ಚುಕಡಿಮೆ ಕೊನೆಗೆ ಇಟ್ಟಿದ್ದೇನೆ. ಮೇಲಿನಿಂದ ಕೆಳಕ್ಕೆ ಇದೇ ಕ್ರಮದಲ್ಲಿ ಹೋಗಿ. ಒಂದು ಹಂತದಲ್ಲಿ ಗಾಡಿ ಬಿದ್ದುಹೋದರೆ ಮುಂದಿನದಕ್ಕೆ ಹೋಗಬೇಡಿ, ಬೇರೆ ಗಾಡಿ ನೋಡಿ.

## ಜೊತೆಯಲ್ಲಿ ಇರಬೇಕಾದ ಸಾಮಾನು

ಒಂದು ಒಳ್ಳೆ ಟಾರ್ಚ್. ಮೊಬೈಲ್ ಟಾರ್ಚ್ ಸಾಲದು, ಗಾಡಿ ಅಡಿಗೆ ಬೆಳಕು ಬೀಳಬೇಕು. ಬಿಳಿ ಟಿಶ್ಯೂ ಪೇಪರ್ ಅಥವಾ ಹಳೇ ಬನಿಯನ್ ಬಟ್ಟೆ. ಮಂಡಿಯೂರಲು ಒಂದು ಗೋಣಿಚೀಲ. ಗಾಡಿಯ ಕಂಪ್ಯೂಟರ್‌ನಲ್ಲಿರುವ ಎರರ್ ಕೋಡ್ ಓದುವ, ಮೊಬೈಲ್‌ಗೆ ಬ್ಲೂಟೂತ್‌ನಲ್ಲಿ ಸೇರುವ ಒಬಿಡಿ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ, ಅದನ್ನೂ ತರಿಸಿಕೊಳ್ಳಿ. ಪೇಂಟ್ ದಪ್ಪ ಅಳೆಯುವ ಮೀಟರ್ ಯಾರಾದರೂ ಪರಿಚಯದ ಟಿಂಕರಿಂಗ್‌ನವರ ಹತ್ತಿರ ಇದ್ದರೆ ಒಂದು ದಿನಕ್ಕೆ ಕೇಳಿ.

ಇದೆಲ್ಲಕ್ಕಿಂತ ಮುಖ್ಯವಾಗಿ ಮನೆಯವರು ಜೊತೆಗಿರಬೇಕು. ಮಗು ಇದ್ದರೆ ಮಗು, ಅದರ ಚೈಲ್ಡ್ ಸೀಟ್. ವಯಸ್ಸಾದವರು ದಿನಾ ಗಾಡಿಯಲ್ಲಿ ಬರುವವರಾದರೆ ಅವರೂ ಬರಲಿ. "ಮೊದಲು ನಾನೊಬ್ಬ ನೋಡ್ಕೊಂಡು ಬರ್ತೀನಿ" ಅಂತ ಹೋದವರು ಅಡ್ವಾನ್ಸ್ ಕೊಟ್ಟೇ ಬರುತ್ತಾರೆ.

## ಹಂತ 1: ಮನೆಯ ಬಳಕೆ ಬರೆದುಕೊಳ್ಳಿ

ಗಾಡಿ ಹುಡುಕುವ ಮೊದಲು ಮನೆಯಲ್ಲಿ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ವಾರದ ದಿನಗಳಲ್ಲಿ ಗಾಡಿ ಎಲ್ಲಿಗೆ ಹೋಗುತ್ತದೆ? ಯಾರು ಯಾರು ಓಡಿಸುತ್ತಾರೆ? ಹಿಂದೆ ಎಷ್ಟು ಜನ ಕೂರುತ್ತಾರೆ?

ಬಟವಾಡಿಯಿಂದ ಮಕ್ಕಳ ಸ್ಕೂಲು, ಅಲ್ಲಿಂದ ಆಫೀಸು, ಸಂಜೆ ಮತ್ತೆ ಬಿ.ಎಚ್. ರಸ್ತೆಯ ಟ್ರಾಫಿಕ್ಕು. ಇಷ್ಟೇ ನಿಮ್ಮ ಓಡಾಟ ಆದರೆ, ಗೇರ್‌ಬಾಕ್ಸ್ ಯಾವುದು ಅನ್ನುವ ಪ್ರಶ್ನೆ ಎಂಜಿನ್ ಪವರ್‌ಗಿಂತ ದೊಡ್ಡದು. ವಾರಕ್ಕೆ ಎರಡು ಮೂರು ಸಲ ಬೆಂಗಳೂರಿಗೆ ಹೋಗಿ ಬರುವವರಿಗೆ ಲೆಕ್ಕ ಬೇರೆ. ಅಲ್ಲಿಗೆ ಸುಮಾರು 70 ಕಿ.ಮೀ. ಹೈವೇಯಲ್ಲಿ ಲಾರಿ ಸಾಲು ದಾಟಲು ಟರ್ಬೊ ನಿಜಕ್ಕೂ ಸಹಾಯಕ್ಕೆ ಬರುತ್ತದೆ, ನೆಲಮಂಗಲ ದಾಟಿದ ಮೇಲೆ ಮತ್ತೆ ಕ್ಲಚ್ ತುಳಿಯುವುದೇ ಕೆಲಸ.

ಮೈಲೇಜ್ ಬಗ್ಗೆ ಮನೆಯವರ ಎದುರೇ ಮಾತಾಡಿಬಿಡಿ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ ಹೈವೇಯಲ್ಲಿ ನಿಧಾನವಾಗಿ ಓಡಿಸಿದರೆ ಚೆನ್ನಾಗೇ ಕೊಡುತ್ತದೆ. ಪೇಟೆಯೊಳಗೆ ಲೀಟರ್‌ಗೆ 10 ಕಿ.ಮೀ. ಆಚೀಚೆ ಅಂತ ಲೆಕ್ಕ ಹಾಕಿಕೊಳ್ಳಿ. ಇದನ್ನು ಮುಚ್ಚಿಟ್ಟು ತಗೊಂಡರೆ ತಿಂಗಳ ಕೊನೆಗೆ ಜಗಳ ತಪ್ಪಿದ್ದಲ್ಲ.

## ಹಂತ 2: ಪಟ್ಟಿಯನ್ನು ಎರಡು ಮೂರಕ್ಕೆ ಇಳಿಸಿ

ನಮ್ಮಲ್ಲಿ ಪಿಕಪ್ ಇರುವ ಹ್ಯಾಚ್‌ಬ್ಯಾಕ್‌ಗಳು ಬಂದಿರುವುದೇ ಕಡಿಮೆ. ಹಾಗಾಗಿ ಒಂದೊಂದನ್ನೂ ಮನೆಯ ಹಾಳೆಯ ಪಕ್ಕ ಇಟ್ಟು ನೋಡುವುದು ಕಷ್ಟ ಏನಲ್ಲ.

ಫೋಕ್ಸ್‌ವ್ಯಾಗನ್ ಪೋಲೊ. ಎಲ್ಲರ ಕಣ್ಣು ಮೊದಲು ಹೋಗುವುದು ಇದರ ಮೇಲೇ. 2013ರಿಂದ ಬಂದ ಜಿಟಿ ಟಿಎಸ್‌ಐನಲ್ಲಿ 1.2 ಲೀಟರ್ ಟರ್ಬೊ, 105 ಪಿಎಸ್ (ಎಂಜಿನ್ ಬಲದ ಅಳತೆ), 7 ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್). 2020ರ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ 1.0 ಲೀಟರ್ ಟರ್ಬೊ, 110 ಪಿಎಸ್. ಇದರ ಜೊತೆ 6 ಗೇರಿನ ಮ್ಯಾನ್ಯುಯಲ್ ಅಥವಾ 6 ಗೇರಿನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ) ಆಟೋಮ್ಯಾಟಿಕ್ ಬರುತ್ತದೆ. 2022ರಲ್ಲಿ ಪೋಲೊ ನಿಂತುಹೋಯಿತು. ಬಾಡಿ ಗಟ್ಟಿ, ಹೈವೇಯಲ್ಲಿ ಅಲ್ಲಾಡುವುದಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಕಾಲಿಗೆ ಜಾಗ ಕಡಿಮೆ. ಎತ್ತರದ ಡ್ರೈವರ್ ಹಿಂದೆ ಇನ್ನೊಬ್ಬ ಎತ್ತರದವರು ಕೂತರೆ ಮಂಡಿ ತಾಗುತ್ತದೆ. ಮಕ್ಕಳು ಸಣ್ಣವರಿದ್ದರೆ ಪರವಾಗಿಲ್ಲ. ಡಿಎಸ್‌ಜಿ ಬೇಕೋ ಬೇಡವೋ ಅನ್ನುವುದನ್ನು ಹಂತ 7 ಓದಿ ತೀರ್ಮಾನ ಮಾಡಿ.

ಹುಂಡೈ ಐ20 ಎನ್ ಲೈನ್. 2021ರಲ್ಲಿ ಬಂತು. 1.0 ಲೀಟರ್ ಟರ್ಬೊ, 120 ಪಿಎಸ್, 172 ನ್ಯೂಟನ್ ಮೀಟರ್. ಮೊದಲು ಕ್ಲಚ್ ಪೆಡಲ್ ಇಲ್ಲದ ಐಎಂಟಿ ಮತ್ತು 7 ಗೇರಿನ ಡಿಸಿಟಿ (ಡಿಎಸ್‌ಜಿ ತರಹದ್ದೇ ಎರಡು ಕ್ಲಚ್‌ನ ಆಟೋಮ್ಯಾಟಿಕ್) ಇತ್ತು. 2023ರಲ್ಲಿ ಐಎಂಟಿ ಬದಲು ಮಾಮೂಲಿ 6 ಗೇರಿನ ಮ್ಯಾನ್ಯುಯಲ್ ಕೊಟ್ಟರು. ಹಿಂದೆ ಅಗಲ ಇದೆ, ಡಿಕ್ಕಿ 311 ಲೀಟರ್, ಸರ್ವಿಸ್ ಊರಲ್ಲೇ ಆಗುತ್ತದೆ. ಮಾಮೂಲಿ ಐ20ಗಿಂತ ಸಸ್ಪೆನ್ಷನ್ ಸ್ವಲ್ಪ ಗಟ್ಟಿ. ಇಬ್ಬರು ಓಡಿಸುವ ಮನೆಗೆ ನನ್ನ ಮೊದಲ ಆಯ್ಕೆ ಇದು.

ಮಾರುತಿ ಬಲೆನೊ ಆರ್‌ಎಸ್. 2017ರಲ್ಲಿ ಬಂತು. 1.0 ಲೀಟರ್ ಬೂಸ್ಟರ್‌ಜೆಟ್, 102 ಪಿಎಸ್, 5 ಗೇರಿನ ಮ್ಯಾನ್ಯುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹಿಂದೆ ಜಾಗ ಧಾರಾಳ, ಡಿಕ್ಕಿ 339 ಲೀಟರ್. ಬಂದಿದ್ದೇ ಕಡಿಮೆ ಗಾಡಿ. ಬಾಡಿ ಪಾರ್ಟ್‌ಗಳಿಗೆ ತೊಂದರೆ ಇಲ್ಲ, ಈ ಎಂಜಿನ್‌ಗೆ ಮಾತ್ರ ಸೇರಿದ ಪಾರ್ಟ್‌ಗಳು ಬರಲು ಎಷ್ಟು ದಿನ ಬೇಕು ಅಂತ ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ಕೇಳಿ.

ಟಾಟಾ ಆಲ್ಟ್ರೋಜ್ ಐಟರ್ಬೊ ಮತ್ತು ರೇಸರ್. ಐಟರ್ಬೊ 2021ರದ್ದು, 110 ಪಿಎಸ್. ರೇಸರ್ 2024ರದ್ದು, 120 ಪಿಎಸ್, 6 ಗೇರು. ಬಾಗಿಲು 90 ಡಿಗ್ರಿ ತೆರೆಯುತ್ತದೆ, ಹಿಂದಿನ ನೆಲ ಸಮತಟ್ಟು. ಮಂಡಿ ನೋವಿನವರು ಮನೆಯಲ್ಲಿದ್ದರೆ ಇದನ್ನು ನೋಡದೆ ಬಿಡಬೇಡಿ. ಆಲ್ಟ್ರೋಜ್‌ಗೆ 2020ರಲ್ಲಿ ಕ್ರ್ಯಾಶ್ ಟೆಸ್ಟ್ ಮಾಡುವ ಗ್ಲೋಬಲ್ ಎನ್‌ಕ್ಯಾಪ್ ಆಗಿನ ನಿಯಮದ ಪ್ರಕಾರ, ದೊಡ್ಡವರ ರಕ್ಷಣೆಗೆ 5 ಸ್ಟಾರ್ ಕೊಟ್ಟಿತ್ತು. ಐಟರ್ಬೊದ ಎಳೆತ ಮಾತ್ರ ಐ20, ಪೋಲೊ ಮಟ್ಟಕ್ಕಿಲ್ಲ.

ಫಿಯೆಟ್‌ನ ಅಬಾರ್ತ್ ಪುಂಟೊ, ಟಾಟಾದ ಟಿಯಾಗೊ ಜೆಟಿಪಿ. ಪುಂಟೊದಲ್ಲಿ 145 ಪಿಎಸ್, ಓಡಿಸಲು ಇದರಷ್ಟು ಖುಷಿ ಕೊಡುವುದು ಈ ಪಟ್ಟಿಯಲ್ಲಿ ಬೇರೆ ಇಲ್ಲ. ಆದರೆ ನೆಲದಿಂದ ಎತ್ತರ 155 ಮಿ.ಮೀ. ಮಾತ್ರ, ಫಿಯೆಟ್ ನಮ್ಮಲ್ಲಿ ಮಾರಾಟ ನಿಲ್ಲಿಸಿ ವರ್ಷಗಳಾದವು, ಪಾರ್ಟ್‌ಗೆ ಅಲೆಯಬೇಕು. ಜೆಟಿಪಿಯ ಡಿಕ್ಕಿ 242 ಲೀಟರ್. ಮನೆಗೆ ಇರುವುದೇ ಒಂದು ಗಾಡಿ ಅಂದರೆ ಇವೆರಡೂ ಬೇಡ.

ಡೀಸೆಲ್ ಪೋಲೊ ಜಿಟಿ ಟಿಡಿಐ ಕೂಡ ಸಿಗುತ್ತದೆ. 2020ರ ಏಪ್ರಿಲ್‌ಗೆ ಮೊದಲಿನವೇ ಎಲ್ಲ. ದೆಹಲಿ ಸುತ್ತಮುತ್ತ ಹಳೇ ಡೀಸೆಲ್‌ಗೆ 10 ವರ್ಷದ ನಿರ್ಬಂಧ ಬಂದ ಮೇಲೆ ಅಲ್ಲಿಂದ ಕಡಿಮೆ ರೇಟಿಗೆ ತಂದು ಇಲ್ಲಿ ಮಾರುವವರಿದ್ದಾರೆ. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಹೊಸದಾಗಿ ಕಟ್ಟಬೇಕು. ಆ ದುಡ್ಡು ಸೇರಿಸಿದರೆ ಕಡಿಮೆ ರೇಟು ಕಡಿಮೆಯಾಗಿ ಉಳಿಯುವುದಿಲ್ಲ.

ಇನ್ನೊಂದು ವಿಷಯ ಪೆಟ್ರೋಲ್. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆಸಿದ್ದು. 2023ರ ಏಪ್ರಿಲ್‌ಗೆ ಮೊದಲಿನ ಗಾಡಿಗಳಲ್ಲಿ ಹೆಚ್ಚಿನವು ಇ10ಗೆ (10% ಎಥನಾಲ್‌ಗೆ) ತಯಾರಾದವು. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್, ಗಾಡಿ ಜೊತೆ ಬರುವ ಮ್ಯಾನ್ಯುಯಲ್ ಪುಸ್ತಕ ಎರಡೂ ನೋಡಿ. ಹಳೇ ಗಾಡಿ ಆದರೆ ಫ್ಯುಯೆಲ್ ಪೈಪು, ರಬ್ಬರ್ ಸೀಲುಗಳನ್ನು ಸರ್ವಿಸ್‌ನಲ್ಲಿ ಚೆಕ್ ಮಾಡಿಸುವ ಖರ್ಚೂ ಲೆಕ್ಕಕ್ಕಿರಲಿ.

## ಹಂತ 3: ಮನೆಯಿಂದಲೇ ಕಾಗದ ನೋಡಿ

ಗಾಡಿ ನೋಡಲು ಹೋಗುವ ಮೊದಲು ನಂಬರ್ ಕೇಳಿ. ನಂಬರ್ ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಹೋಗಲೇಬೇಡಿ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ರಿಜಿಸ್ಟ್ರೇಶನ್ ದಿನಾಂಕ, ಇನ್ಶೂರೆನ್ಸ್ ಅವಧಿ, ಲೋನ್ ಇದೆಯಾ ಅನ್ನುವುದು ಗೊತ್ತಾಗುತ್ತದೆ. ಎಷ್ಟನೇ ಓನರ್ ಅನ್ನುವುದನ್ನು ಆರ್‌ಸಿಯಲ್ಲೇ ನೋಡಿ. "ಸೆಕೆಂಡ್ ಓನರ್ ಸಾರ್" ಅಂದಿದ್ದು ಆರ್‌ಸಿಯಲ್ಲಿ ನಾಲ್ಕಾಗಿರಬಹುದು. ಪಿಕಪ್ ಜಾಸ್ತಿ ಇರುವ ಗಾಡಿಗಳು ಬೇಗ ಬೇಗ ಕೈ ಬದಲಾಗುತ್ತವೆ, ಅದೇ ಒಂದು ಸುಳಿವು. ಎರಡಕ್ಕಿಂತ ಜಾಸ್ತಿ ಕೈ ದಾಟಿದ್ದರೆ ಬಿಟ್ಟುಬಿಡಿ.

ಆಮೇಲೆ ಟ್ರಾಫಿಕ್ ದಂಡ ನೋಡಿ. ಬಾಕಿ ಎಷ್ಟಿದೆ ಅನ್ನುವುದಕ್ಕಿಂತ ಯಾತಕ್ಕೆ ಬಿದ್ದಿದೆ ಅನ್ನುವುದನ್ನು ಗಮನಿಸಿ. ಸಿಗ್ನಲ್‌ನಲ್ಲಿ ಗೆರೆ ದಾಟಿದ್ದಕ್ಕೆ ಬಿದ್ದರೆ ದೊಡ್ಡ ವಿಷಯ ಅಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಕ್ಯಾಮೆರಾದಲ್ಲಿ ಓವರ್‌ಸ್ಪೀಡ್ ಅಂತ ಮತ್ತೆ ಮತ್ತೆ ಬಿದ್ದಿದ್ದರೆ, ಗಾಡಿಯನ್ನು ಹೇಗೆ ಓಡಿಸಿದ್ದಾರೆ ಅಂತ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಕೊನೆಯದಾಗಿ ಸರ್ವಿಸ್ ಹಿಸ್ಟರಿ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಓನರ್ ಕೈಲೇ ಕೇಳಿಸಿ. ಪ್ರತಿ ಸರ್ವಿಸ್‌ಗೂ ಕಿಲೋಮೀಟರ್ ದಾಖಲಾಗಿರುತ್ತದೆ. 2021ರಲ್ಲಿ 62,000 ಅಂತ ಇದ್ದು, ಈಗ ಮೀಟರ್ 55,000 ತೋರಿಸಿದರೆ ಅಲ್ಲಿಗೆ ಮುಗಿಯಿತು. ಟರ್ಬೊ ಗಾಡಿಗೆ ಎಂಜಿನ್ ಆಯಿಲ್ ಜೀವಾಳ. ವರ್ಷಕ್ಕೊಮ್ಮೆ ಅಥವಾ ಕಂಪನಿ ಹೇಳಿದ ಕಿಲೋಮೀಟರ್‌ಗೆ ಆಯಿಲ್ ಬದಲಿಸಿದ ಬಿಲ್ ಇರಲೇಬೇಕು. ಮಧ್ಯೆ ಎರಡು ವರ್ಷ ಖಾಲಿ ಇದ್ದು "ಹೊರಗಡೆ ಮಾಡಿಸ್ದೆ" ಅಂದರೆ ಆ ಗ್ಯಾರೇಜಿನ ಬಿಲ್ ಕೇಳಿ.

## ಹಂತ 4: ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ, ಹಿಂದಿನ ಸೀಟಿಗೆ ಹೋಗಿ

"ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ" ಅಂತ ಹಿಂದಿನ ದಿನವೇ ಹೇಳಿ. ಬೆಳಿಗ್ಗೆ ಬೇಗ ಹೋಗಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ಏನೋ ಸದ್ದು ಅಥವಾ ಹೊಗೆ ಅಡಗಿಸಲು ಹಾಗೆ ಮಾಡುವವರಿದ್ದಾರೆ. ಇನ್ನೊಂದು ದಿನ ಬರುತ್ತೇವೆ ಅಂತ ಹೇಳಿ ವಾಪಸ್ ಬನ್ನಿ. ಮುಲಾಜು ನೋಡಬೇಡಿ.

ತಣ್ಣಗಿದ್ದರೆ ಹಾಗೇ ಇರಲಿ. ಸ್ಟಾರ್ಟ್ ಮಾಡಬೇಡಿ, ಕೀ ಕೂಡ ಇಸ್ಕೊಳ್ಳಬೇಡಿ. ಹಿಂದಿನ ಬಾಗಿಲು ತೆಗೆಸಿ.

ಮೊದಲು ಡ್ರೈವರ್ ಸೀಟನ್ನು ನಿಮಗೆ ಬೇಕಾದ ಜಾಗಕ್ಕೆ ಸರಿಸಿ. ಆಮೇಲೆ ಮನೆಯವರು ಅದರ ಹಿಂದೆ ಕೂರಲಿ. ಬಹಳ ಜನ ಸೀಟು ಮುಂದಕ್ಕೆ ಇದ್ದ ಹಾಗೇ ಕೂತು "ಜಾಗ ಇದೆ" ಅನ್ನುತ್ತಾರೆ. ಹತ್ತು ನಿಮಿಷ ಕೂರಿಸಿ, ಮಾತಾಡಿಸಿ. ತೊಡೆಗೆ ಆಸರೆ ಸಿಗುತ್ತಿದೆಯಾ? ತಲೆ ತಾಗುತ್ತಾ? ಸೀರೆ ಉಟ್ಟವರಿಗೆ ಹತ್ತಿ ಇಳಿಯಲು ಕಷ್ಟ ಆಗುತ್ತಾ? ಕೈಯಲ್ಲಿ ಏನನ್ನೂ ಹಿಡಿಯದೆ ಇಳಿಯಲು ಹೇಳಿ. ಬಾಗಿಲಿನ ಚೌಕಟ್ಟು ಹಿಡಿದು ಮೈ ಎಳೆದುಕೊಂಡು ಇಳಿದರೆ, ಆ ಗಾಡಿ ಅವರಿಗೆ ದಿನಾ ಹಿಂಸೆ.

ಚೈಲ್ಡ್ ಸೀಟ್ ಇದ್ದರೆ ಅಲ್ಲೇ ಕಟ್ಟಿ ನೋಡಿ. ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಕಡೆ ಬೆರಳು ಹಾಕಿದರೆ ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್‌ನ ಕಬ್ಬಿಣದ ಕಡ್ಡಿ ಸಿಗಬೇಕು. ಕೆಲವು ಹಳೇ ಗಾಡಿಗಳಲ್ಲಿ, ಕೆಳಗಿನ ವೇರಿಯಂಟ್‌ಗಳಲ್ಲಿ ಇರುವುದಿಲ್ಲ. ಸೀಟ್ ಕವರ್ ಹೊಲಿಸಿ ಮುಚ್ಚಿದ್ದೂ ಉಂಟು. ಹಿಂದಕ್ಕೆ ಮುಖ ಮಾಡಿದ ಸೀಟ್ ಕಟ್ಟಿದ ಮೇಲೆ ಮುಂದಿನ ಸೀಟಲ್ಲಿ ಯಾರಾದರೂ ಕೂರಲು ಆಗುತ್ತಾ ನೋಡಿ. 14 ವರ್ಷದ ಒಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂಪಾಯಿ ದಂಡ. ದಂಡ ಇರಲಿ, 120 ಪಿಎಸ್ ಗಾಡಿಯಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗುವ ಮಾತೇ ಬೇಡ.

ಮೂರೂ ಬೆಲ್ಟ್‌ಗಳನ್ನು ಕೊನೆಯವರೆಗೂ ಎಳೆಯಿರಿ. ಕೊನೆ ಭಾಗದಲ್ಲಿ ಕೆಸರಿನ ಕಲೆ ಕಂಡರೆ ನೀರು ಹೊಕ್ಕ ಗಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಎಷ್ಟು ಕಾರುಗಳು ಮುಳುಗಿದ್ದವು ಅಂತ ಎಲ್ಲರೂ ನೋಡಿದ್ದೇವೆ. ಅಂಥ ಗಾಡಿಗಳನ್ನು ತೊಳೆದು ಪಕ್ಕದ ಊರುಗಳಿಗೇ ತಂದು ಮಾರುವುದು ಸುಲಭ. ಸೀಟಿನ ಕೆಳಗಿನ ರೈಲು, ಅದರ ಬೋಲ್ಟು ಟಾರ್ಚ್ ಹಾಕಿ ನೋಡಿ. ಡ್ಯಾಶ್‌ಬೋರ್ಡ್ ಅಡಿ ಬಗ್ಗಿ ನೋಡಿ. ಅಲ್ಲಿ ತುಕ್ಕು ಕಂಡರೆ ನೀರು ಹೊಕ್ಕಿರುವ ಅನುಮಾನ ಗಟ್ಟಿ.

ಇನ್ನು ಡಿಕ್ಕಿ. ಲೀಟರ್ ಲೆಕ್ಕ ನಂಬಿ ಕೂರಬೇಡಿ. ನಮ್ಮ ಕಡೆ ಊರಿಂದ ವಾಪಸ್ ಬರುವಾಗ ತೆಂಗಿನಕಾಯಿ ಮೂಟೆ, ಹಲಸಿನ ಹಣ್ಣು, 25 ಕೆ.ಜಿ. ಅಕ್ಕಿ ಚೀಲ ಬಂದೇ ಬರುತ್ತವೆ. ಖಾಲಿ ಗೋಣಿಚೀಲ ಒಯ್ದಿರುತ್ತೀರಲ್ಲ, ಅದರೊಳಗೆ ಬ್ಯಾಗು ತುಂಬಿ ಡಿಕ್ಕಿಯಲ್ಲಿ ಇಟ್ಟು ನೋಡಿ. ಹ್ಯಾಚ್‌ಬ್ಯಾಕ್‌ಗಳಲ್ಲಿ ಡಿಕ್ಕಿಯ ಅಂಚು ಎತ್ತರ, ಒಳಗೆ ತಗ್ಗು. ಮೂಟೆಯನ್ನು ಆ ಅಂಚಿನ ಮೇಲೆತ್ತಿ ಒಳಗೆ ಇಳಿಸುವಾಗ ಸೊಂಟ ಹಿಡಿಯುತ್ತದಾ ಅನ್ನುವುದು ಎತ್ತಿದಾಗಲೇ ಗೊತ್ತಾಗುವುದು. ಸ್ಟ್ರಾಲರ್ ಇದ್ದರೆ ಅದನ್ನೂ ಮಡಚಿ ಇಡಿ. ಜೊತೆಗೆ ಸ್ಟೆಪ್ನಿ ಎತ್ತಿ ಅದರ ಗುಂಡಿಯೊಳಗೆ ತೇವ, ತುಕ್ಕು, ಹೊಸ ವೆಲ್ಡಿಂಗ್ ಇದೆಯಾ ನೋಡಿ.

ಮನೆಯವರು ಇಲ್ಲೇ ಬೇಡ ಅಂದರೆ ಇಲ್ಲೇ ನಿಲ್ಲಿಸಿ. ಇನ್ನೂ ಓಡಿಸಿಲ್ಲ, ಮನಸ್ಸು ಅಂಟಿಕೊಂಡಿಲ್ಲ. ಬಿಟ್ಟು ಬರುವುದು ಸುಲಭ.

## ಹಂತ 5: ತಣ್ಣನೆಯ ಎಂಜಿನ್

ಬಾನೆಟ್ ಎತ್ತಿ. ಆಯಿಲ್ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪಗಿದ್ದರೆ ಗಾಬರಿ ಬೇಡ. ಮುಟ್ಟಿದರೆ ಮರಳು ಮರಳಾಗಿ ಸಿಕ್ಕರೆ, ಅಥವಾ ಮಟ್ಟ ತೀರಾ ಕೆಳಗಿದ್ದರೆ ಗಾಬರಿಯಾಗಬೇಕು. ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥ ಬಣ್ಣ ಕಂಡರೆ, ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆ ತೇಲಿದರೆ, ಒಂದಕ್ಕೊಂದು ಬೆರೆಯುತ್ತಿರುವ ಅನುಮಾನ. ಆ ಗಾಡಿ ಬೇಡ.

ಈಗ ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಬಾನೆಟ್ ಹತ್ತಿರ ನಿಲ್ಲಿ, ಇನ್ನೊಬ್ಬರು ಸೈಲೆನ್ಸರ್ ಹಿಂದೆ. ಮೊದಲ ಐದು ಸೆಕೆಂಡ್ ಇಡೀ ತಪಾಸಣೆಯಲ್ಲೇ ಮುಖ್ಯ. ಯಾರೂ ಮಾತಾಡಬೇಡಿ. ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಸ್ಟಾರ್ಟ್ ಆದ ಕ್ಷಣ ಗರಗರ ಅಂತ ಸದ್ದು ಬಂದು ನಿಂತುಬಿಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಅದು ಕೇಳಿಸುವುದೇ ಇಲ್ಲ. ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಸದ್ದು ಬರುವುದಿಲ್ಲ, ಬೆಲ್ಟ್ ಬದಲಿಸಿದ ಬಿಲ್ಲೇ ಸಾಕ್ಷಿ.

ಹೊಗೆ ನೋಡಿ. ಚಳಿಗೆ ಬರುವ ತೆಳು ಬಿಳಿ ಆವಿ ಕೂಡಲೇ ಮಾಯವಾದರೆ ಮಾಮೂಲಿ. ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆಯೊಂದಿಗೆ ಬಂದರೆ ಕೂಲೆಂಟ್ ಸುಡುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಟರ್ಬೊ ಸೀಲ್ ಹೋಗಿರಬಹುದು. ಬಿಸಿಯಾದ ಎಂಜಿನ್‌ನಲ್ಲಿ ಎರಡು ನಿಮಿಷ ಐಡಲ್ ಬಿಟ್ಟು ಆಮೇಲೆ ಒಂದ್ಸಲ ರೈಸ್ ಮಾಡಿದಾಗ ನೀಲಿ ಬಂದರೂ ಅದೇ ಅರ್ಥ.

ಐ20, ಪೋಲೊ ಟಿಎಸ್‌ಐ, ಬಲೆನೊ ಆರ್‌ಎಸ್ ಮೂರರಲ್ಲೂ ಪೆಟ್ರೋಲ್ ನೇರ ಸಿಲಿಂಡರ್‌ಗೇ ಹೋಗುತ್ತದೆ. ಇಂಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಬೀಳದೆ ಅಲ್ಲಿ ಕಾರ್ಬನ್ ಕಟ್ಟುತ್ತದೆ. ಪೇಟೆಯಲ್ಲೇ ಓಡಿದ ಗಾಡಿ ಐಡಲ್‌ನಲ್ಲಿ ನಡುಗಿದರೆ ಇದೂ ಒಂದು ಕಾರಣ ಇರಬಹುದು. ಕ್ಲೀನ್ ಮಾಡಿಸಬಹುದು, ಆ ಖರ್ಚನ್ನು ರೇಟಿನಲ್ಲಿ ಕಡಿಮೆ ಮಾಡಿಸಿ.

ಸ್ಟಾರ್ಟ್ ಮಾಡುವಾಗಲೇ ಮೀಟರ್ ಕಡೆ ಇನ್ನೊಂದು ಕಣ್ಣಿರಲಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡ್ ಬಿಟ್ಟು ಆರಬೇಕು. ಆರದಿದ್ದರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು. ಆ್ಯಕ್ಸಿಡೆಂಟ್‌ನಲ್ಲಿ ಏರ್‌ಬ್ಯಾಗ್ ಸಿಡಿದ ಮೇಲೆ ಹೊಸದು ಹಾಕಿಸದೆ ದೀಪವನ್ನೇ ಕಿತ್ತುಹಾಕಿರಬಹುದು. ಮನೆಯವರು ಕೂರುವ ಗಾಡಿಯಲ್ಲಿ ಇದಕ್ಕೆ ಯಾವ ರಾಜಿಯೂ ಇಲ್ಲ.

ಒಬಿಡಿ ಸ್ಕ್ಯಾನರ್ ಹಾಕಿ. ಎರರ್ ಕೋಡ್ ಇಲ್ಲ ಅಂತ ಬಂದರೆ ಅಲ್ಲಿಗೇ ಬಿಡಬೇಡಿ. ಆ್ಯಪ್‌ನಲ್ಲಿ ರೆಡಿನೆಸ್ ಮಾನಿಟರ್ ಅನ್ನುವ ಪುಟ ತೆರೆಯಿರಿ. ಹಲವು ಸಾಲುಗಳಲ್ಲಿ "ಇನ್‌ಕಂಪ್ಲೀಟ್" ಅಂತ ತೋರಿಸಿದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಯಾಕೆ ಅಂತ ಕೇಳಿ.

## ಹಂತ 6: ಬಾಡಿ, ಟೈರು, ಮಾಡಿಫಿಕೇಶನ್

ಬಂಪರ್ ಪೇಂಟ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ರಸ್ತೆಗಳಲ್ಲಿ ಅದು ಸಹಜ. ನೋಡಬೇಕಾದ್ದು ಪಿಲ್ಲರ್, ಏಪ್ರನ್ (ಬಾನೆಟ್ ಒಳಗೆ ಚಕ್ರದ ಮೇಲಿನ ತಗಡು), ಚಾಸಿಸ್ ಕಾಲುಗಳು. ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತು ನೋಡಿ, ಕಂಪನಿ ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳು ಒಂದೇ ಅಂತರದಲ್ಲಿ ಇರಬೇಕು. ಬಾನೆಟ್, ಫೆಂಡರ್ ಬೋಲ್ಟ್‌ಗಳ ತಲೆಯಲ್ಲಿ ಸ್ಪ್ಯಾನರ್ ಗುರುತು ಕಂಡರೆ ಬಿಚ್ಚಿದ್ದಾರೆ. ಮೀಟರ್ ಇದ್ದರೆ ಕಂಪನಿ ಪೇಂಟ್ ಹೆಚ್ಚುಕಡಿಮೆ 80ರಿಂದ 150 ಮೈಕ್ರಾನ್ ಒಳಗೆ ಬರುತ್ತದೆ. 500 ದಾಟಿದರೆ ಅಡಿಯಲ್ಲಿ ಪುಟ್ಟಿ ಮೆತ್ತಿದ್ದಾರೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಮೀಟರ್‌ನಲ್ಲಿ 25,000 ಕಿ.ಮೀ. ಇದ್ದು ನಾಲ್ಕೂ ಟೈರ್ ಹೊಸದಾಗಿದ್ದರೆ ಅನುಮಾನಪಡಿ. ಟೈರಿನ ಹೂವು (ಗೆರೆಗಳ ಆಳ) 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಅನ್ನುವುದು ಕಾನೂನು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಇರಬಹುದು, ಚಾಸಿಸ್ ಬಾಗಿರಲೂಬಹುದು. ಅಲಾಯ್ ವೀಲ್ ಒಳಗಡೆ ಟಾರ್ಚ್ ಹಾಕಿ ನೋಡಿ, ಗುಂಡಿಗೆ ಬಿದ್ದು ಬೆಂಡ್ ಆಗಿದ್ದು, ವೆಲ್ಡ್ ಮಾಡಿದ್ದು ಹೊರಗಿನಿಂದ ಕಾಣುವುದಿಲ್ಲ.

ಪಿಕಪ್ ಜಾಸ್ತಿ ಇರುವ ಗಾಡಿಗಳಲ್ಲಿ ದೊಡ್ಡ ಅಪಾಯ ರೀಮ್ಯಾಪ್. ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ 20, 30 ಪಿಎಸ್ ಜಾಸ್ತಿ ಮಾಡಿಸುತ್ತಾರೆ. ಮಾರುವಾಗ ಹಳೆಯದನ್ನೇ ವಾಪಸ್ ಹಾಕಿಸುತ್ತಾರೆ. ಆದರೆ ಆವರೆಗೆ ಕ್ಲಚ್, ಗೇರ್‌ಬಾಕ್ಸ್, ಟರ್ಬೊ ತಿಂದ ಏಟು ವಾಪಸ್ ಹೋಗುವುದಿಲ್ಲ. ಗುರುತುಗಳು ಉಳಿದಿರುತ್ತವೆ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಹೊಸದು, ಸೈಲೆನ್ಸರ್ ಜಾಯಿಂಟ್‌ನಲ್ಲಿ ಹೊಸ ವೆಲ್ಡಿಂಗ್, ಕಂಪನಿಯದಲ್ಲದ ಕ್ಲಾಂಪ್. "ಸ್ಟಾಕ್ ಪಾರ್ಟ್ಸ್ ಎಲ್ಲಾ ಮನೇಲಿದೆ" ಅಂದರೆ ಮಾಡಿಫೈ ಮಾಡಿದ್ದರು ಅಂತಲೇ. ತಿಳಿಸದೆ ಮಾಡಿಸಿದ ಬದಲಾವಣೆ ಗಾಡಿಯಲ್ಲಿ ಉಳಿದಿದ್ದರೆ ಇನ್ಶೂರೆನ್ಸ್ ಕ್ಲೈಮ್‌ಗೂ ತೊಡಕು.

ತಗ್ಗಿಸಿದ ಸ್ಪ್ರಿಂಗ್ ಹಾಕಿದ ಗಾಡಿ ಮನೆಗೆ ಬೇಡವೇ ಬೇಡ. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದು ಅದರ ಮೇಲೆ ಬಿಗಿಯಾದ ಸೀಟ್ ಕವರ್ ಹಾಕಿದ್ದರೆ ತೆಗೆಸಿ.

## ಹಂತ 7: ಈಗ ಓಡಿಸಿ, ಎಲ್ಲರನ್ನೂ ಕೂರಿಸಿಕೊಂಡು

ಒಬ್ಬರೇ ಓಡಿಸಿದರೆ ಯಾವ ಟರ್ಬೊ ಗಾಡಿಯೂ ಚೆನ್ನಾಗಿರುತ್ತದೆ. ನಿಮ್ಮ ಮನೆಯ ಗಾಡಿ ಹೇಗಿರುತ್ತದೆ ಅಂತ ಗೊತ್ತಾಗುವುದು ಹಿಂದೆ ಮೂರು ಜನ ಕೂತಾಗ. ಮೂರು ತರಹದ ರಸ್ತೆ ಬೇಕು. ಎಸಿ ಆನ್ ಇರಲಿ, ಮ್ಯೂಸಿಕ್ ಆಫ್.

ಮೊದಲು ಪೇಟೆ. ಹಂಪುಗಳ ಮೇಲೆ ಓರೆಯಾಗಿ ಅಲ್ಲ, ನೇರವಾಗಿ ನಿಧಾನಕ್ಕೆ ದಾಟಿಸಿ. ಅಡಿ ಉಜ್ಜಿದರೆ ಸದ್ದು ಎಲ್ಲರಿಗೂ ಕೇಳುತ್ತದೆ. ಟಕಟಕ ಅಂದರೆ ಲಿಂಕ್ ರಾಡ್ ಅಥವಾ ಬುಷ್, ಅದು ದೊಡ್ಡ ಖರ್ಚಲ್ಲ. ಧಡ್ ಅಂತ ಬಿದ್ದರೆ ಶಾಕ್ ಅಬ್ಸಾರ್ಬರ್.

ಆಟೋಮ್ಯಾಟಿಕ್‌ನ ನಿಜ ಬಣ್ಣ ಬಯಲಾಗುವುದು ಇಲ್ಲೇ. ಟೌನ್‌ಹಾಲ್ ಸರ್ಕಲ್ ಕಡೆಯ ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟು ಬಿಟ್ಟು ತೆವಳಿಸಿ. ಪೋಲೊ ಜಿಟಿ ಟಿಎಸ್‌ಐನ 7 ಗೇರಿನ ಡಿಎಸ್‌ಜಿಯಲ್ಲಿ ಒಣ ಕ್ಲಚ್ ಇರುತ್ತದೆ, ಟ್ರಾಫಿಕ್ ಅದಕ್ಕೆ ಆಗಿಬರುವುದಿಲ್ಲ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಗಾಡಿ ನಡುಗಿದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಗೇರ್ ಅಕ್ಷರ ಮಿನುಗಿದರೆ, ರಿವರ್ಸ್ ತಡವಾಗಿ ಬಿದ್ದರೆ ಗೇರ್ ಬದಲಿಸುವ ಮೆಕಾಟ್ರಾನಿಕ್ಸ್ ಅನ್ನುವ ಭಾಗದ ಮೇಲೆ ಅನುಮಾನ. ಇವೆರಡರ ರಿಪೇರಿ ಗಾಡಿ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ. ಕ್ಲಚ್, ಮೆಕಾಟ್ರಾನಿಕ್ಸ್ ಬದಲಿಸಿದ ಬಿಲ್ ಇರುವ ಡಿಎಸ್‌ಜಿ ನೋಡಿ, ಇಲ್ಲದಿದ್ದರೆ 2020ರ ನಂತರದ ಟಾರ್ಕ್ ಕನ್ವರ್ಟರ್ ಪೋಲೊ ನೋಡಿ. ಪೇಟೆಯಲ್ಲೇ ದಿನ ಕಳೆಯುವವರಿಗೆ ಎರಡನೆಯದೇ ನೆಮ್ಮದಿ. ಐ20ಯ ಡಿಸಿಟಿಗೂ ಇದೇ ಪರೀಕ್ಷೆ ಮಾಡಿ.

ಆಮೇಲೆ ಹೈವೇ. ಕ್ಯಾತ್ಸಂದ್ರ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿಯಿರಿ. ಎಂಜಿನ್ ಪೂರ್ತಿ ಬಿಸಿಯಾಗಿರಲಿ. ಮೂರನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಎಳೆತ ತಡೆಯಿಲ್ಲದೆ ಏರುತ್ತಾ ಹೋಗಬೇಕು. ಮಧ್ಯೆ ಮುಗ್ಗರಿಸಿದರೆ ಅಥವಾ ಉಸ್ಸ್ ಅಂತ ಗಾಳಿ ಸೋರುವ ಸದ್ದು ಬಂದರೆ ಪೈಪು ಅಥವಾ ಟರ್ಬೊ ತೊಂದರೆ. ಮ್ಯಾನ್ಯುಯಲ್ ಆದರೆ ನಾಲ್ಕನೇ ಗೇರಿನಲ್ಲೂ ಹೀಗೇ ಮಾಡಿ. ಆರ್‌ಪಿಎಂ ಮಾತ್ರ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ. 80ರಲ್ಲಿ ಸ್ಟೇರಿಂಗ್ ಸಡಿಲ ಹಿಡಿಯಿರಿ, ಒಂದು ಕಡೆಗೆ ಎಳೆಯಬಾರದು. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಬ್ರೇಕ್ ಒತ್ತಿ. ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ.

ಈ ಹೊತ್ತಿಗೆ ಹಿಂದೆ ಕೂತವರನ್ನು ಮಾತಾಡಿಸಿ. ಹಿಂದಕ್ಕೆ ಎಸಿ ಬರುತ್ತಿದೆಯಾ? ಟೈರ್ ಸದ್ದಿಗೆ ಮಾತು ಕೇಳಿಸುತ್ತಾ? ಮಕ್ಕಳಿಗೆ ಹೊಟ್ಟೆ ತೊಳಸುತ್ತಿದೆಯಾ?

ಕೊನೆಗೆ ದೇವರಾಯನದುರ್ಗ. ಮಾರುವವರು ಒಪ್ಪಿದರೆ ಪೆಟ್ರೋಲ್ ಹಾಕಿಸಿಯಾದರೂ ಅಲ್ಲಿಗೆ ಹೋಗಿ, ನಗರದಿಂದ ಸುಮಾರು 15 ಕಿ.ಮೀ. ತುಂಬಿದ ಗಾಡಿಯಲ್ಲಿ ಬೆಟ್ಟ ಹತ್ತುವಾಗ ಎಂಜಿನ್ ಬಿಸಿ ಮುಳ್ಳು ಮೇಲೇರಬಾರದು. ತಿರುವಿನ ಏರಿನಲ್ಲಿ ಜಾಗ ನೋಡಿ ನಿಲ್ಲಿಸಿ, ಮತ್ತೆ ಎತ್ತಿ. ಕ್ಲಚ್ ವಾಸನೆ ಬಂತಾ? ಆಟೋಮ್ಯಾಟಿಕ್ ಹಿಂದಕ್ಕೆ ಜಾರಿತಾ? ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಬಾರದು. ಮನೆಯಲ್ಲಿ ಓಡಿಸುವ ಇನ್ನೊಬ್ಬರಿಗೂ ಸಮತಟ್ಟು ರಸ್ತೆಯಲ್ಲಿ ಕೊಡಿ. ಅವರು ಹೆದರಿದರೆ ಆ ಗಾಡಿ ನಿಮ್ಮೊಬ್ಬರದೇ ಆಗುತ್ತದೆ.

ವಾಪಸ್ ಬಂದ ಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಗಾಡಿ ನಿಂತಿದ್ದ ಜಾಗದಲ್ಲಿ ಆಯಿಲ್ ಅಥವಾ ಕೂಲೆಂಟ್ ಹನಿ ಬಿದ್ದಿದೆಯಾ ನೋಡಿ. ಎಸಿ ನೀರು ಆದರೆ ಸರಿ.

## ಹಂತ 8: ಮೆಕ್ಯಾನಿಕ್, ರೇಟು

ನಿಮಗೆ ಒಪ್ಪಿಗೆಯಾದರೂ ಇನ್ನೊಬ್ಬರ ಕಣ್ಣು ಬೇಕು. ಮಾರುವವರು ಹೇಳಿದ ಮೆಕ್ಯಾನಿಕ್ ಬೇಡ. ಆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ಗಾಡಿ ಎತ್ತಿಸಿ ನೋಡಿಸಿ. ಕಂಪನಿಯದೇ ಸ್ಕ್ಯಾನರ್‌ನಲ್ಲಿ ಸಾಫ್ಟ್‌ವೇರ್ ಬದಲಿಸಿದ ಸುಳಿವು ಸಿಗುವ ಸಾಧ್ಯತೆ ಜಾಸ್ತಿ.

ರೇಟು ಮಾತಾಡುವಾಗ ಪೂರ್ತಿ ಬಜೆಟ್ ಗಾಡಿಗೇ ಸುರಿಯಬೇಡಿ. ಹತ್ತರಲ್ಲಿ ಒಂದು ಪಾಲಾದರೂ ಕೈಯಲ್ಲಿರಲಿ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಎಲ್ಲ ಆಯಿಲ್‌ಗಳು ಮೊದಲ ತಿಂಗಳಲ್ಲೇ ಕೇಳುತ್ತವೆ.

## ಹಂತ 9: ದುಡ್ಡು ಮತ್ತು ವರ್ಗಾವಣೆ

ಟೋಕನ್ ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ, ಆರ್‌ಸಿಯಲ್ಲಿ ಹೆಸರಿರುವವರ ಅಕೌಂಟ್‌ಗೇ ಕೊಡಿ. ಬ್ರೋಕರ್ ಅಕೌಂಟ್‌ಗೆ ಬೇಡ.

ಫಾರಂ 29, ಫಾರಂ 30 ಎರಡಕ್ಕೂ ಓನರ್ ಸಹಿ ನಿಮ್ಮೆದುರೇ ಆಗಲಿ. ಲೋನ್ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. "ಲೋನ್ ಮುಗ್ದಿದೆ, ಆರ್‌ಸಿಯಲ್ಲಿ ಮಾತ್ರ ಇದೆ" ಅನ್ನುವ ಮಾತಿಗೆ ಪೂರ್ತಿ ದುಡ್ಡು ಕೊಡಬೇಡಿ. ಕರ್ನಾಟಕದೊಳಗಿನ ಗಾಡಿ ಆದರೆ ನಂಬರ್ ಬದಲಾಗುವುದಿಲ್ಲ, ಬೆಂಗಳೂರಿನ ಕೆಎ-05 ತುಮಕೂರಿಗೆ ಬಂದರೂ ಕೆಎ-06 ಆಗಬೇಕಿಲ್ಲ. ಜೀವಾವಧಿ ತೆರಿಗೆಯೂ ಮತ್ತೆ ಇಲ್ಲ.

ಗಾಡಿ ಮನೆಗೆ ತರುವ ದಿನ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, ಇಬ್ಬರೂ ಸಹಿ ಮಾಡಿ. ಅದಕ್ಕೆ ಮೊದಲಿನ ದಂಡ, ಕೇಸು ಅವರದು. ಎರಡನೇ ಕೀ, ಸರ್ವಿಸ್ ಪುಸ್ತಕ, ವೀಲ್ ಲಾಕ್ ಇದ್ದರೆ ಅದರ ಕೀ, ಇವನ್ನು ಆಗಲೇ ಇಸ್ಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಕಾನೂನಿನ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನ. ಹಳೇ ಓನರ್‌ನ ನೋ ಕ್ಲೈಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಆ ವ್ಯತ್ಯಾಸದ ಹಣ ನೀವು ಕಟ್ಟಬೇಕು. ಹೆಸರು ಬದಲಾಗದೆ ಗಾಡಿಗೆ ಏನಾದರೂ ಆದರೆ ನಿಮ್ಮ ಗಾಡಿಯ ರಿಪೇರಿ ಕ್ಲೈಮ್ ಕೈ ತಪ್ಪುತ್ತದೆ. ಹಾಗಾಗಿ ಇನ್ಶೂರೆನ್ಸ್ ಕೆಲಸವನ್ನು ಗಾಡಿ ತಂದ ದಿನವೇ ಶುರು ಮಾಡಿ, ಅದು ಮುಗಿಯುವವರೆಗೆ ಊರು ಬಿಟ್ಟು ದೂರ ಹೋಗಬೇಡಿ.